ಕೊಲಂಬಸ್‌ಪೂರ್ವ ಅಮೆರಿಕದ ಸುಟ್ಟ ಮಣ್ಣಿನ ಶಿಲ್ಪಗಳನ್ನು ನೋಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

‘ಕೊಲಂಬಸ್‌ಪೂರ್ವ’ ಎಂಬ ಹೆಸರಿನಡಿ ಯಾವ ಕಾಲ, ಯಾವ ಪ್ರದೇಶ ಬರುತ್ತವೆ?

1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಿಳಿಯುವ ಮುನ್ನ ಅಮೆರಿಕ ಖಂಡಗಳಲ್ಲಿ ಬಾಳಿದ ಎಲ್ಲ ಜನಸಮುದಾಯಗಳ ಕಲೆಯನ್ನೂ ಈ ಹೆಸರಿನಡಿ ಸೇರಿಸುವುದು ರೂಢಿಯಾಗಿದೆ. ಆ ಒಂದು ಇಸವಿಯಲ್ಲಿ ಎಲ್ಲೆಡೆ ಎಲ್ಲವೂ ಬದಲಾಗಿಬಿಡಲಿಲ್ಲ. ಮೆಕ್ಸಿಕೊವನ್ನು ಆಳುತ್ತಿದ್ದ ಅಜ್ಟೆಕರ ರಾಜಧಾನಿ ಸ್ಪ್ಯಾನಿಷರ ಕೈಗೆ ಬಿದ್ದದ್ದು 1521ರಲ್ಲಿ, ಪೆರುವಿನ ಇಂಕಾ ದೊರೆ ಅತವಾಲ್ಪ ಸೆರೆಯಾದದ್ದು 1532ರಲ್ಲಿ. ಆದ್ದರಿಂದ ಆ ಪ್ರದೇಶಗಳ ಮಟ್ಟಿಗೆ ಗಡಿರೇಖೆಯೂ ಅಷ್ಟು ಮುಂದಕ್ಕೆ ಸರಿಯುತ್ತದೆ. ಮಣ್ಣಿನ ಮನುಷ್ಯಾಕೃತಿಗಳ ಮಟ್ಟಿಗೆ ಹೇಳುವುದಾದರೆ, ಈಕ್ವೆಡಾರ್ ಕರಾವಳಿಯ ವಾಲ್ದಿವಿಯ ಸಂಸ್ಕೃತಿಯಿಂದ ಮೊದಲುಗೊಂಡು ಅಜ್ಟೆಕರವರೆಗೆ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲ, ಉತ್ತರ ಮೆಕ್ಸಿಕೊದಿಂದ ಅಮೆಜಾನ್ ನದಿಯ ಮುಖದಲ್ಲಿರುವ ಮರಜೊ ದ್ವೀಪದವರೆಗಿನ ನೆಲ ಇದರೊಳಗೆ ಬರುತ್ತವೆ. ಇಷ್ಟೊಂದು ಜನರನ್ನು, ಒಬ್ಬರನ್ನೊಬ್ಬರು ಕಂಡೂ ಕೇಳಿಯೂ ಇರದವರನ್ನು, ಅವರ ನೆಲಕ್ಕೆ ತಡವಾಗಿ ಬಂದ ನಾವಿಕನೊಬ್ಬನ ಹೆಸರಿನಲ್ಲಿ ಒಟ್ಟುಗೂಡಿಸುವುದು ನ್ಯಾಯವೇನಲ್ಲ. ಆದರೂ ವಸ್ತುಸಂಗ್ರಹಾಲಯಗಳಲ್ಲಿ ಈ ಹೆಸರು ಬೇರೂರಿರುವುದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಈ ಶಿಲ್ಪಗಳನ್ನು ನೋಡಲು ತೊಡಗುವವರು ಮೊದಲು ಯಾವುದರತ್ತ ಗಮನ ಕೊಡಬೇಕು?

‘ಇದು ಯಾವ ದೇವರು?’ ಎಂದು ಕೇಳುವ ಮೊದಲು ‘ಇದನ್ನು ಹೇಗೆ ಮಾಡಿದ್ದಾರೆ?’ ಎಂದು ಕೇಳುವುದು ಒಳ್ಳೆಯದು. ಮೊದಲ ಪ್ರಶ್ನೆಗೆ ಉತ್ತರ ಬಹಳ ಸಲ ಸಿಗುವುದೇ ಇಲ್ಲ. ಎರಡನೆಯದಕ್ಕೆ ಉತ್ತರ ಮಣ್ಣಿನ ಮೇಲೆಯೇ ಇರುತ್ತದೆ. ತೋಳನ್ನು ಭುಜಕ್ಕೆ ಒತ್ತಿ ಕೂಡಿಸಿದಾಗ ಉಳಿದ ಬೆರಳಿನ ಗುರುತು, ಹಸಿಮಣ್ಣಿನಲ್ಲಿ ಮೊನಚಾದ ಕಡ್ಡಿಯಿಂದ ಕೊರೆದ ಗೆರೆಗೂ ಮಣ್ಣು ಅರೆ ಒಣಗಿದ ಮೇಲೆ ಕೊರೆದ ಗೆರೆಗೂ ಇರುವ ವ್ಯತ್ಯಾಸ, ಸುಡುವಾಗ ಸೌದೆ ತಾಗಿದ ಕಡೆ ಮೂಡಿದ ಕಪ್ಪು ಮಚ್ಚೆ, ಬೆನ್ನಿನ ಮೇಲೆಯೋ ತಲೆಯ ಹಿಂದೆಯೋ ಬಿಟ್ಟಿರುವ ಗಾಳಿರಂಧ್ರ ಇವೆಲ್ಲ ಸಾವಿರಾರು ವರ್ಷಗಳ ಬಳಿಕವೂ ಕಣ್ಣಿಗೆ ಕಾಣುತ್ತವೆ.

ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ತಿಳಿದಿರಬೇಕು. ಇಂದು ಗಾಜಿನ ಕಪಾಟುಗಳಲ್ಲಿರುವ ಇಂಥ ಬಹುಪಾಲು ಶಿಲ್ಪಗಳನ್ನು ನೆಲದಿಂದ ಎತ್ತಿದವರು ಪುರಾತತ್ತ್ವಜ್ಞರಲ್ಲ, ಗೋರಿಗಳನ್ನು ಅಗೆದು ಮಾರುತ್ತಿದ್ದವರು. ಯಾವ ಗೋರಿ, ಯಾವ ಮೂಲೆ, ಪಕ್ಕದಲ್ಲಿ ಯಾರ ಅಸ್ಥಿ, ಜೊತೆಗೆ ಯಾವ ಮಡಕೆ ಎಂಬ ಮಾಹಿತಿಯೆಲ್ಲ ಅಗೆದ ಗಳಿಗೆಯಲ್ಲೇ ಅಳಿಸಿಹೋಯಿತು. ಹೀಗೆ ಬರಿದಾದ ಜಾಗವನ್ನು ‘ಚೆಲುವೆ’, ‘ನರ್ತಿಸುವ ನಾಯಿ’, ‘ನಗುವ ಮಗು’ ಎಂಬಂಥ ಹೆಸರುಗಳು ತುಂಬಿದವು. ಈ ಹೆಸರುಗಳನ್ನು ಕಟ್ಟಿದವರು ಇಪ್ಪತ್ತನೆಯ ಶತಮಾನದ ಸಂಗ್ರಾಹಕರು ಮತ್ತು ವಿದ್ವಾಂಸರು. ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಶಿಲ್ಪವನ್ನು ನೋಡಿದರೆ ಕಾಣುವುದೇ ಬೇರೆ.

ಕುಂಬಾರನ ತಿಗರಿ ಇಲ್ಲದೆ ಇವನ್ನೆಲ್ಲ ಮಾಡಿದರೆಂಬುದು ನಿಜವೇ?

ನಿಜ. ಯುರೋಪಿಯನ್ನರು ಬರುವವರೆಗೆ ಅಮೆರಿಕದಲ್ಲಿ ತಿಗರಿಯ ಬಳಕೆ ಇರಲಿಲ್ಲ. ಚಕ್ರದ ಕಲ್ಪನೆಯೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಮೆಕ್ಸಿಕೊದ ವೆರಾಕ್ರುಜ್ ಪ್ರದೇಶದಲ್ಲಿ ಕಾಲುಗಳಿಗೆ ಅಚ್ಚುಗಂಬಿ ತೂರಿಸಿ ಚಕ್ರ ಜೋಡಿಸುವಂಥ ಮಣ್ಣಿನ ಪುಟ್ಟ ಪ್ರಾಣಿಗಳು ಸಿಕ್ಕಿವೆ. ಆದರೆ ಗಾಡಿ ಎಳೆಯುವ ಎತ್ತಾಗಲಿ ಕುದುರೆಯಾಗಲಿ ಅಲ್ಲಿರಲಿಲ್ಲ, ಮಡಕೆ ಮಾಡುವುದಕ್ಕೆ ಚಕ್ರ ಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಚಿಕ್ಕ ಗೊಂಬೆಗಳನ್ನು ಗಟ್ಟಿ ಮಣ್ಣಿನ ಮುದ್ದೆಯಿಂದಲೇ ತಿದ್ದುತ್ತಿದ್ದರು. ವಾಲ್ದಿವಿಯದ ಹೆಣ್ಣುಗೊಂಬೆಗಳಲ್ಲಿ ಮಣ್ಣಿನ ಎರಡು ಬತ್ತಿಗಳನ್ನು ಅಕ್ಕಪಕ್ಕ ಇಟ್ಟು ಒತ್ತಿ, ಕೆಳತುದಿಗಳನ್ನು ಕಾಲುಗಳಾಗಿ ಬಿಟ್ಟು, ತಲೆಯ ಭಾಗಕ್ಕೆ ಇನ್ನೊಂದು ಪದರ ಹೊದಿಸಿ ಕೇಶರಾಶಿ ಮಾಡಿರುವುದು ಕಾಣುತ್ತದೆ. ದೊಡ್ಡ ಶಿಲ್ಪವನ್ನು ಗಟ್ಟಿ ಮಣ್ಣಿನಲ್ಲಿ ಮಾಡಿದರೆ ಒಳಗಿನ ನೀರಿನಂಶ ಬೆಂಕಿಯಲ್ಲಿ ಆವಿಯಾಗಿ ಸಿಡಿದು ಹೋಗುತ್ತದೆ. ಅದಕ್ಕಾಗಿ ಹೊಸೆದ ಮಣ್ಣಿನ ಬತ್ತಿಗಳನ್ನು ಸುತ್ತುತ್ತಾ ಒಳಗೆ ಪೊಳ್ಳು ಬಿಟ್ಟು ಗೋಡೆ ಏರಿಸುತ್ತಿದ್ದರು, ಆಮೇಲೆ ಬತ್ತಿಗಳ ಗುರುತು ಹೊರಗೆ ಕಾಣದಂತೆ ತೀಡುತ್ತಿದ್ದರು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅಚ್ಚಿನ ಬಳಕೆ ವ್ಯಾಪಕವಾಯಿತು. ಗಣೇಶ ಚೌತಿಗೆ ಅಚ್ಚಿನಲ್ಲಿ ತೆಗೆದ ಮೂರ್ತಿಯ ಪಕ್ಕೆಯಲ್ಲಿ ಎರಡು ಹೋಳು ಕೂಡಿದ ಗೆರೆ ಉಳಿಯುವುದನ್ನು ಗಮನಿಸಿದವರಿಗೆ ಪೆರುವಿನ ಮೋಚೆ ಪಾತ್ರೆಗಳ ಕಿವಿಯ ಹಿಂದೆ ಅಂಥದೇ ಗೆರೆಯನ್ನು ಹುಡುಕುವುದು ಕಷ್ಟವಾಗದು. ಮೆಕ್ಸಿಕೊ ಕಣಿವೆಯ ಮಹಾನಗರ ತೆಯೊತಿವಕಾನ್‌ನಲ್ಲಂತೂ ಅಚ್ಚಿನಿಂದ ತೆಗೆದ ಮುಖಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು. ಅಲ್ಲಿನದೇ ಒಂದು ವಿಚಿತ್ರ ಬಗೆಯೆಂದರೆ ಟೊಳ್ಳು ಮೈಯ ದೊಡ್ಡ ಗೊಂಬೆ: ಎದೆಯ ಭಾಗವನ್ನು ಮುಚ್ಚಳದಂತೆ ತೆಗೆದರೆ ಒಳಗೆ ಉಡುಪು ತೊಟ್ಟ ಪುಟ್ಟ ಗೊಂಬೆಗಳು ಕೂತಿರುತ್ತವೆ.

ಇವುಗಳ ಹೊಳಪು ಗಾಜಿನ ಮೆರುಗಿನದೇ?

ಅಲ್ಲ. ಕೊಲಂಬಸ್‌ಪೂರ್ವ ಕುಂಬಾರರು ಗಾಜಿನ ಮೆರುಗನ್ನು ಬಳಸಲಿಲ್ಲ. ಕಾವಿಯಂಥ ಬಣ್ಣದ ಮಣ್ಣನ್ನು ನೀರಿನಲ್ಲಿ ನುಣ್ಣಗೆ ಕದಡಿ ತೆಳುವಾಗಿ ಬಳಿದು, ಅದು ಪೂರ್ತಿ ಆರುವ ಮುನ್ನ ನಯವಾದ ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ ತಂದ ಹೊಳಪು ಅದು. ದೀಪದ ಬೆಳಕು ಓರೆಯಾಗಿ ಬಿದ್ದಾಗ ಕಲ್ಲು ಸಾಗಿದ ಸಣ್ಣ ಸಣ್ಣ ಪಟ್ಟಿಗಳು ಕಾಣುತ್ತವೆ. ಬಯಲಿನಲ್ಲೋ ಸಾಧಾರಣ ಗುಂಡಿಯಲ್ಲೋ ಸೌದೆ ಉರಿಸಿ ಸುಡುತ್ತಿದ್ದುದರಿಂದ ಶಾಖ ಹೆಚ್ಚು ಏರುತ್ತಿರಲಿಲ್ಲ. ಹೀಗಾಗಿ ಮಣ್ಣು ಸ್ವಲ್ಪ ಮೆದುವಾಗಿ, ನೀರು ಹೀರುವಂತೆಯೇ ಉಳಿಯುತ್ತಿತ್ತು. ಸುಟ್ಟ ಮೇಲೆ ಹಚ್ಚಿದ ಬಣ್ಣಗಳೂ ಇವೆ, ಅವು ಬಹುಮಟ್ಟಿಗೆ ಉದುರಿಹೋಗಿರುತ್ತವೆ. ವೆರಾಕ್ರುಜ್‌ನ ಶಿಲ್ಪಗಳಲ್ಲಿ ಬಾಯಿ, ಕಣ್ಣು, ಕೆನ್ನೆಗಳ ಮೇಲೆ ಕಾಣುವ ಕಪ್ಪು ಆ ಸೀಮೆಯಲ್ಲಿ ನೆಲದಿಂದ ತಾನಾಗಿ ಒಸರುವ ಡಾಂಬರಿನದು.

ಕೊಲಿಮಾದ ಕೆಂಪು ನಾಯಿಗಳು ಏಕೆ ಅಷ್ಟು ಹೆಸರಾಗಿವೆ?

ಪಶ್ಚಿಮ ಮೆಕ್ಸಿಕೊದ ಕೊಲಿಮಾ, ಹಲಿಸ್ಕೊ, ನಯರಿತ್ ಎಂಬ ಮೂರು ರಾಜ್ಯಗಳಲ್ಲಿ ಸುಮಾರು ಕ್ರಿ.ಪೂ. 300ರಿಂದ ಕ್ರಿ.ಶ. 400ರ ನಡುವೆ ಬಾಳಿದ ಜನ, ನೆಲದೊಳಕ್ಕೆ ಬಾವಿಯಂತೆ ನೇರವಾಗಿ ತೋಡಿ, ತಳದಲ್ಲಿ ಪಕ್ಕಕ್ಕೆ ಕೋಣೆ ಕೊರೆದು, ಅದರಲ್ಲಿ ಸತ್ತವರನ್ನು ಮಣ್ಣಿನ ಶಿಲ್ಪಗಳೊಡನೆ ಇರಿಸುತ್ತಿದ್ದರು. ಆ ಶಿಲ್ಪಗಳಲ್ಲಿ ಜನರ ಕಣ್ಣಿಗೆ ಹೆಚ್ಚು ಬಿದ್ದವು ಕೊಲಿಮಾದ ದಪ್ಪ ಹೊಟ್ಟೆಯ, ಗಿಡ್ಡ ಕಾಲಿನ ನಾಯಿಗಳು.

ಒಂದು ನಾಯಿಯನ್ನು ಹತ್ತಿರದಿಂದ ನೋಡೋಣ. ಮೈ ದುಂಡಗೆ ಉಬ್ಬಿಕೊಂಡಿರುತ್ತದೆ. ಕಾಲುಗಳು ಆ ಭಾರಕ್ಕೆ ಸಾಲದವೇನೋ ಎಂಬಷ್ಟು ಮೋಟು, ಆದರೂ ನಿಂತ ನಿಲುವು ಗಟ್ಟಿ. ಬೆನ್ನುಹುರಿಯ ಉದ್ದಕ್ಕೆ ಒಂದು ಮಂದವಾದ ಏಣು ಇರುತ್ತದೆ, ಕುತ್ತಿಗೆ ಭುಜಕ್ಕೆ ಸೇರುವಲ್ಲಿ ಚರ್ಮದ ಮಡಿಕೆಯನ್ನು ಒಂದೆರಡು ತಗ್ಗುಗಳಲ್ಲಷ್ಟೇ ಸೂಚಿಸಿರುತ್ತಾರೆ. ಕಿವಿಗಳು ನಿಮಿರಿರುತ್ತವೆ, ಬಾಯಿ ತುಸು ತೆರೆದು ಹಲ್ಲಿನ ಸಾಲು ಕಾಣುತ್ತದೆ. ಬಾಲವೋ ತಲೆಯ ಮೇಲಿನ ಕೊಳವೆಯೋ ಪಾತ್ರೆಯ ಮೂತಿಯಾಗಿರುತ್ತದೆ, ಏಕೆಂದರೆ ಇದು ದ್ರವವನ್ನು ತುಂಬಬಹುದಾದ ಪಾತ್ರೆಯೂ ಹೌದು. ಕೂದಲನ್ನು ತೋರಿಸುವ ಗೆರೆ ಮೈಮೇಲೆ ಒಂದೂ ಇರುವುದಿಲ್ಲ. ಕೆಂಪು ಲೇಪವನ್ನು ಕಲ್ಲಿನಿಂದ ಉಜ್ಜಿದ ಆ ನುಣುಪೇ ಕೂದಲಿಲ್ಲದ ತೊಗಲಾಗಿ ಕಾಣುತ್ತದೆ. ಮೆಕ್ಸಿಕೊದಲ್ಲಿ ಇಂದಿಗೂ ಉಳಿದಿರುವ, ಶೊಲೊ ಎಂದು ಚಿಕ್ಕದಾಗಿ ಕರೆಯುವ ಕೂದಲಿಲ್ಲದ ನಾಯಿತಳಿಯನ್ನು ಇದರೊಂದಿಗೆ ಹೋಲಿಸುವುದು ಸಹಜ. ಮಣ್ಣಿನಲ್ಲಿ ಬಹುಕಾಲ ಹೂತಿದ್ದರಿಂದ ಮೇಲ್ಮೈಯಲ್ಲಿ ಮ್ಯಾಂಗನೀಸಿನ ಕಪ್ಪು ಚುಕ್ಕೆಗಳು, ಬೇರುಗಳು ಹಬ್ಬಿದ ತೆಳು ಗೆರೆಗಳು ಇರುವುದುಂಟು.

ಈ ನಾಯಿಗಳಲ್ಲಿ ಮುದುಡಿ ಮಲಗಿದವಿವೆ, ಬಾಯಲ್ಲಿ ಜೋಳದ ತೆನೆ ಕಚ್ಚಿದವಿವೆ, ಒಂದರ ಮೈಗೊಂದು ತಾಗಿ ನಿಂತ ಜೋಡಿಗಳಿವೆ, ಮನುಷ್ಯನ ಮುಖವಾಡ ತೊಟ್ಟವೂ ಇವೆ. ಇವೆಲ್ಲ ಸತ್ತವರ ಆತ್ಮಕ್ಕೆ ದಾರಿ ತೋರುವ ನಾಯಿಗಳೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಈ ವಿವರಣೆಗೆ ಆಧಾರ ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಬರ್ನಾರ್ಡಿನೊ ದೆ ಸಾಹಗುನ್ ಅಜ್ಟೆಕರ ಬಾಯಿಂದ ಕೇಳಿ ಬರೆಸಿದ ಮಾತು: ಪರಲೋಕದ ನದಿಯನ್ನು ದಾಟಿಸೆಂದು ಸತ್ತವನು ಕೇಳಿದಾಗ ಬಿಳಿ ನಾಯಿ ತಾನು ಈಗಷ್ಟೇ ಮಿಂದಿರುವೆನೆಂದೂ ಕಪ್ಪು ನಾಯಿ ತನಗೆ ಮಸಿ ಮೆತ್ತಿದೆಯೆಂದೂ ನೆಪ ಹೇಳುತ್ತವೆ, ಹಳದಿ ನಾಯಿ ಮಾತ್ರ ದಾಟಿಸುತ್ತದೆ. ಕಥೆ ಸೊಗಸಾಗಿದೆ. ಆದರೆ ಕೊಲಿಮಾದ ಗೋರಿಗಳಿಗೂ ಆ ಬರಹಕ್ಕೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ, ಜನರೂ ಬೇರೆ. ಅದಲ್ಲದೆ ಆ ನಾಡಿನಲ್ಲಿ ನಾಯಿಯನ್ನು ಕೊಬ್ಬಿಸಿ ತಿನ್ನುವ ಪದ್ಧತಿಯೂ ಇತ್ತು. ದಾರಿ ತೋರುವ ಜೊತೆಗಾರ, ಹಬ್ಬದ ಅಡುಗೆ, ಮನೆಯ ಸಾಕುಪ್ರಾಣಿ ಇವು ಮೂರೂ ಒಂದೇ ನಾಯಿಯಲ್ಲಿ ಕೂಡಿರಲು ಅಡ್ಡಿಯೇನೂ ಇಲ್ಲ.

ಹಾಗಾದರೆ ಗೋರಿಯಲ್ಲಿ ಇವು ಹೇಗಿದ್ದವೆಂದು ತಿಳಿಯುವ ಮಾರ್ಗವೇ ಇಲ್ಲವೇ?

ಇದೆ, ಆದರೆ ಬಹಳ ಕಡಿಮೆ. 1993ರಲ್ಲಿ ಹಲಿಸ್ಕೊದ ಹುವಿತ್ಸಿಲಾಪಾ ಎಂಬಲ್ಲಿ ಕಳ್ಳರ ಕೈ ಸೋಕದ ಒಂದು ಬಾವಿಗೋರಿ ಪುರಾತತ್ತ್ವಜ್ಞರಿಗೆ ಸಿಕ್ಕಿತು. ಎರಡು ಕೋಣೆಗಳಲ್ಲಿ ಆರು ಜನರ ಅಸ್ಥಿಗಳಿದ್ದವು. ಅವರಲ್ಲಿ ಮುಖ್ಯನಾಗಿದ್ದವನ ಮೈಮೇಲೆ ಹಸಿರುಶಿಲೆ ಮತ್ತು ಕಪ್ಪೆಚಿಪ್ಪಿನ ಆಭರಣಗಳಿದ್ದವು, ಪಕ್ಕದಲ್ಲಿ ಶಂಖಗಳಿದ್ದವು, ಶಿಲ್ಪಗಳನ್ನು ಸತ್ತವರ ಬಳಿಯಲ್ಲೇ ಇರಿಸಲಾಗಿತ್ತು. ಅಸ್ಥಿಗಳ ಅಧ್ಯಯನದಿಂದ ಅವರು ಒಂದೇ ಮನೆತನದವರಿರಬೇಕೆಂಬ ಊಹೆಯೂ ಬಲಗೊಂಡಿತು. ಕಪಾಟಿನ ಶಿಲ್ಪಗಳು ನೂರಿದ್ದರೂ ಹೇಳದ ವಿಷಯವನ್ನು ಈ ಒಂದು ಗೋರಿ ಹೇಳಿತು.

ತ್ಲಾತಿಲ್ಕೊದ ಎರಡು ಮುಖದ ಹೆಣ್ಣುಗೊಂಬೆಗಳ ಅರ್ಥವೇನು?

ಇಂದಿನ ಮೆಕ್ಸಿಕೊ ನಗರಕ್ಕೆ ಸೇರಿಹೋಗಿರುವ ತ್ಲಾತಿಲ್ಕೊದಲ್ಲಿ ಇಟ್ಟಿಗೆ ಮಾಡುವವರು ಮಣ್ಣು ತೆಗೆಯುವಾಗ ಗೊಂಬೆಗಳು ಮೇಲೆ ಬರತೊಡಗಿದವು. ಚಿತ್ರಕಾರರಾದ ಡಿಯೇಗೊ ರಿವೇರಾ ಮತ್ತು ಮಿಗೆಲ್ ಕೊವಾರುಬಿಯಾಸ್ ಅವನ್ನು ಕೊಂಡು ಸಂಗ್ರಹಿಸಿದರು. 1942ರಲ್ಲಿ ವಿಧಿವತ್ತಾದ ಉತ್ಖನನ ಆರಂಭವಾಯಿತು. ಸುಮಾರು ಕ್ರಿ.ಪೂ. 1200ರಿಂದ 900ರ ಈ ಗೊಂಬೆಗಳಲ್ಲಿ ಹೆಚ್ಚಿನವು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡವು: ತೊಡೆ ಅಗಲ, ನಡು ಸಣ್ಣ, ಕೈಗಳು ಮೊಗ್ಗಿನಷ್ಟು, ಕೂದಲಿನ ಅಲಂಕಾರ ಮಾತ್ರ ಅತಿ ನಿಖರ. ಕೆಲವಕ್ಕೆ ಎರಡು ತಲೆ. ಇನ್ನು ಕೆಲವಕ್ಕೆ ಒಂದೇ ತಲೆಯಲ್ಲಿ ಎರಡು ಮೂಗು, ಎರಡು ಬಾಯಿ, ಮೂರು ಕಣ್ಣು. ನಡುವಿನ ಕಣ್ಣು ಎರಡೂ ಮುಖಗಳಿಗೆ ಸೇರುತ್ತದೆ.

ಹುಟ್ಟಿನಲ್ಲೇ ಮುಖ ಇಬ್ಬಗೆಯಾದ ಶಿಶುಗಳನ್ನು ಕಂಡು ಮಾಡಿರಬೇಕೆಂದು ವೈದ್ಯಕೀಯ ದೃಷ್ಟಿಯಿಂದ ವಾದಿಸಿದವರಿದ್ದಾರೆ. ದ್ವಂದ್ವತತ್ತ್ವದ ಸಂಕೇತವೆಂದವರೂ ಇದ್ದಾರೆ. ಅಲ್ಲಿಯೇ ಸಿಕ್ಕ, ಅರ್ಧ ಜೀವಂತ ಮುಖವೂ ಅರ್ಧ ತಲೆಬುರುಡೆಯೂ ಆಗಿರುವ ಮಣ್ಣಿನ ಮುಖವಾಡವನ್ನು ನೋಡಿದರೆ ಎರಡನೆಯ ವಾದದ ಕಡೆಗೆ ಮನಸ್ಸು ವಾಲುತ್ತದೆ. ಆದರೆ ಶಿಲ್ಪವಾಗಿ ಇದರಲ್ಲಿ ಮೆಚ್ಚಬೇಕಾದದ್ದು ಆ ನಡುವಿನ ಕಣ್ಣನ್ನು ಕೂರಿಸಿರುವ ಜಾಣ್ಮೆ. ಎಡ ಮುಖವನ್ನು ನೋಡುತ್ತಿದ್ದವರ ದೃಷ್ಟಿ ತಿಳಿಯದಂತೆಯೇ ಬಲ ಮುಖಕ್ಕೆ ಜಾರುತ್ತದೆ, ಒಂದು ಮುಖ ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ವೆರಾಕ್ರುಜ್‌ನ ನಗುಮುಖದ ಗೊಂಬೆಗಳು ಯಾವುದಕ್ಕೆ ನಗುತ್ತಿವೆ?

ಈ ಪ್ರಶ್ನೆಯನ್ನು ಕೇಳದವರಿಲ್ಲ. ಪ್ರಾಚೀನ ಮೆಕ್ಸಿಕೊದ ಕಲೆಯಲ್ಲಿ ನಗು ಅಪರೂಪ, ಅದರಲ್ಲೂ ಹಲ್ಲು ಬಿಟ್ಟು ನಗುವ ಮುಖ ತೀರ ಅಪರೂಪ. ಅಂಥದರಲ್ಲಿ ಸುಮಾರು ಕ್ರಿ.ಶ. 600ರಿಂದ 900ರ ನಡುವೆ, ಮಧ್ಯ ವೆರಾಕ್ರುಜ್‌ನ ರೆಮೊಹಾದಾಸ್ ಶೈಲಿಯಲ್ಲಿ, ಅಗಲವಾದ ತ್ರಿಕೋನದಂಥ ತಲೆ, ಎತ್ತಿದ ಕೈಗಳು, ಮೇಲ್ದುಟಿ ಮೇಲಕ್ಕೇರಿ ಹಲ್ಲಿನ ಸಾಲೂ ಕೆಲವೊಮ್ಮೆ ನಾಲಿಗೆಯ ತುದಿಯೂ ಕಾಣುವ ಬಾಯಿ, ಇಷ್ಟನ್ನು ಹೊತ್ತ ಗೊಂಬೆಗಳು ಹೇರಳವಾಗಿ ತಯಾರಾದವು. ಹಣೆಪಟ್ಟಿಯ ಮೇಲೆ ಸುರುಳಿಗಳನ್ನೋ ಕೋತಿಯಂಥ ಪ್ರಾಣಿಗಳನ್ನೋ ಅಚ್ಚಿನಿಂದ ಒತ್ತಿರುತ್ತಾರೆ.

ಹೂವು, ಹಾಡು, ಕುಣಿತಗಳ ದೇವತೆಯ ಭಕ್ತರೆಂದು ಕೆಲವರೂ, ಕತ್ತಾಳೆ ಜಾತಿಯ ಗಿಡದ ರಸವನ್ನು ಹುಳಿಸಿ ಮಾಡಿದ ಪುಲ್ಕೆ ಎಂಬ ಪಾನೀಯದ ಅಮಲೆಂದು ಇನ್ನು ಕೆಲವರೂ, ಬಲಿಗೆ ಮೊದಲು ಅಮಲೇರಿಸಲಾದವರೆಂದು ಮತ್ತೆ ಕೆಲವರೂ ಹೇಳಿದ್ದಾರೆ. ಬಾಯನ್ನು ಮರೆಮಾಡಿ ಕಣ್ಣುಗಳನ್ನು ಮಾತ್ರ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ: ಎಷ್ಟೋ ಗೊಂಬೆಗಳಲ್ಲಿ ಕಣ್ಣು ನಗುವುದಿಲ್ಲ. ಕೆನ್ನೆಯನ್ನು ಉಬ್ಬಿಸಿ ಕಣ್ಣನ್ನು ಕಿರಿದಾಗಿಸಿದವೂ ಇವೆ, ಅವುಗಳ ನಗು ನಮ್ಮ ನಗುವೇ. ಒಂದೇ ಬಗೆಯೆಂದು ನಾವು ರಾಶಿ ಹಾಕಿರುವ ಈ ಗೊಂಬೆಗಳೆಲ್ಲ ಒಂದೇ ಕಾರಣಕ್ಕೆ ನಗುತ್ತಿರಲಿಕ್ಕಿಲ್ಲ.

ಮಾಯಾ ಜನರ ಹೈನಾ ಗೊಂಬೆಗಳನ್ನು ಅತ್ಯುತ್ತಮವೆನ್ನುವುದು ಏಕೆ?

ಮೆಕ್ಸಿಕೊದ ಕಂಪೇಚೆ ಕರಾವಳಿಗೆ ಅಂಟಿಕೊಂಡಂತಿರುವ ಹೈನಾ ಒಂದು ಪುಟ್ಟ ದ್ವೀಪ. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು Jaina ಎಂದು ಬರೆದರೂ ಜೈನ ಮತಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ರಿ.ಶ. 600ರಿಂದ 900ರ ಹೊತ್ತಿಗೆ ಅಲ್ಲಿ ಹೂಳಿದ ಸತ್ತವರ ಕೈಯಲ್ಲೋ ಎದೆಯ ಮೇಲೋ ಗೇಣುದ್ದದ ಗೊಂಬೆಗಳನ್ನು ಇಡುತ್ತಿದ್ದರು. ತಲೆಯನ್ನು ಅಚ್ಚಿನಿಂದ ತೆಗೆದು ಮೈಯನ್ನು ಕೈಯಿಂದ ತಿದ್ದಿದವು, ಪೂರ್ತಿ ಕೈಯಿಂದಲೇ ಮಾಡಿದವು, ಪೂರ್ತಿ ಅಚ್ಚಿನವು ಎಲ್ಲ ಬಗೆಗಳೂ ಇವೆ. ಕೈಯಿಂದ ತಿದ್ದಿದವುಗಳಲ್ಲಿ ಮಣಿಸರದ ಒಂದೊಂದು ಮಣಿ, ಮೂಗಿನ ಮೇಲೆ ಏರಿಸಿಕೊಂಡ ಕೃತಕ ಏಣು, ಕೆನ್ನೆಯ ಮೇಲಿನ ಹಚ್ಚೆಗಾಯ, ಮುಪ್ಪಿನಿಂದ ಜೋತ ತುಟಿ ಇಷ್ಟನ್ನೂ ತೋರಿಸಿದ್ದಾರೆ. ಸೊಂಟಕ್ಕೆ ಕಟ್ಟಿದ ಮಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದು ನೇಯುತ್ತಿರುವ ಹೆಂಗಸು, ಹೂವಿನ ದಳಗಳ ನಡುವಿನಿಂದ ಮೂಡಿಬರುವ ಪುರುಷ ಇವು ಪ್ರಸಿದ್ಧ ಮಾದರಿಗಳು. ಅಲ್ಲಲ್ಲಿ ಉಳಿದಿರುವ ತಿಳಿನೀಲಿಯು ನೀಲಿಗಿಡದ ಬಣ್ಣವನ್ನು ಪ್ಯಾಲಿಗೋರ್‌ಸ್ಕೈಟ್ ಎಂಬ ಜೇಡಿಯೊಂದಿಗೆ ಕಾಯಿಸಿ ಮಾಡಿದ್ದು. ಬಿಸಿಲಿಗೂ ತೇವಕ್ಕೂ ಅದು ಸುಲಭವಾಗಿ ಮಾಸುವುದಿಲ್ಲ.

ಕಪಾಟಿನಲ್ಲಿ ನೋಡುವವರಿಗೆ ತಿಳಿಯದೆ ಹೋಗುವ ಗುಣವೊಂದಿದೆ. ಇವುಗಳಲ್ಲಿ ಅನೇಕವು ಸೀಟಿಗಳು ಅಥವಾ ಗಿಲಕಿಗಳು. ಬೆನ್ನ ಹಿಂದಿನ ಮೂತಿಗೆ ಬಾಯಿಟ್ಟು ಊದಿದರೆ ಸದ್ದು ಬರುತ್ತದೆ, ಟೊಳ್ಳಿನಲ್ಲಿ ಸೇರಿಸಿದ ಮಣ್ಣಿನ ಗುಂಡುಗಳು ಅಲುಗಿಸಿದಾಗ ಗಲಗಲಿಸುತ್ತವೆ. ಸಾಧ್ಯವಿದ್ದರೆ ಹಿಂಭಾಗವನ್ನೂ ನೋಡಬೇಕು. ಹೈನಾ ಶೈಲಿಯೆಂದು ಹೆಸರಾದ ಗೊಂಬೆಗಳೆಲ್ಲ ಆ ದ್ವೀಪದಲ್ಲೇ ತಯಾರಾದವಲ್ಲ, ತಬಾಸ್ಕೊ ಕರಾವಳಿಯಂಥ ಬೇರೆ ಕಡೆಗಳಿಂದಲೂ ಬಂದಿವೆ ಎಂಬುದು ಜೇಡಿಮಣ್ಣಿನ ರಾಸಾಯನಿಕ ಪರೀಕ್ಷೆಗಳಿಂದ ಗೊತ್ತಾಗಿದೆ.

ಮೋಚೆ ಮುಖಪಾತ್ರೆಗಳು ನಿಜವಾದ ವ್ಯಕ್ತಿಗಳ ಮುಖಗಳೇ?

ಹೌದೆನ್ನಲು ಬಲವಾದ ಕಾರಣಗಳಿವೆ. ಪೆರುವಿನ ಉತ್ತರ ಕರಾವಳಿಯಲ್ಲಿ ಸುಮಾರು ಕ್ರಿ.ಶ. 100ರಿಂದ 800ರವರೆಗೆ ಬಾಳಿದ ಮೋಚೆ ಜನರ ಈ ಪಾತ್ರೆಗಳು ಮನುಷ್ಯನ ತಲೆಯ ಆಕಾರದಲ್ಲಿರುತ್ತವೆ. ನೆತ್ತಿಯಿಂದ ಎರಡು ಕೊಳವೆಗಳು ಎದ್ದು ಬಾಗಿ ಒಂದೇ ಮೂತಿಯಾಗಿ ಸೇರುತ್ತವೆ. ಕೆನೆಬಣ್ಣ ಮತ್ತು ಕೆಂಪು ಲೇಪಗಳಲ್ಲಿ ತಲೆವಸ್ತ್ರದ ವಿನ್ಯಾಸವನ್ನೂ ಮುಖದ ಬಣ್ಣಗಾರಿಕೆಯನ್ನೂ ಬಿಡಿಸಿರುತ್ತಾರೆ. ಪುರಾತತ್ತ್ವಜ್ಞ ಕ್ರಿಸ್ಟೋಫರ್ ಡಾನನ್ ನೂರಾರು ಪಾತ್ರೆಗಳನ್ನು ಒಂದಕ್ಕೊಂದು ಹೋಲಿಸಿ, ಒಬ್ಬನೇ ವ್ಯಕ್ತಿಯ ಮುಖ ಮತ್ತೆ ಮತ್ತೆ ಬಂದಿರುವುದನ್ನು ಗುರುತಿಸಿದರು. ಮೇಲ್ದುಟಿಯ ಮೇಲೆ ಗಾಯದ ಕಲೆಯಿರುವ ಒಬ್ಬನ ಮುಖ ನಲವತ್ತಕ್ಕೂ ಹೆಚ್ಚು ಪಾತ್ರೆಗಳಲ್ಲಿದ್ದು, ಹತ್ತರ ಆಸುಪಾಸಿನ ಹುಡುಗನಿಂದ ಮೂವತ್ತು ದಾಟಿದ ಗಂಡಸಿನವರೆಗೆ ಆತ ಬೆಳೆದದ್ದನ್ನು ಅವುಗಳಲ್ಲಿ ಹಿಂಬಾಲಿಸಬಹುದು. ಹೀಗೆ ಚಿತ್ರಿತರಾದ ಕೆಲವರನ್ನು ಮುಂದೆ ಕೊರಳಿಗೆ ಹಗ್ಗ ಬಿದ್ದ ಸೆರೆಯಾಳುಗಳಾಗಿಯೂ ತೋರಿಸಲಾಗಿದೆ ಎಂಬುದು ಡಾನನ್ ಅವರ ವಾದ.

ಒಂದೇ ಅಚ್ಚಿನಿಂದ ಬಂದ ಎರಡು ಪಾತ್ರೆಗಳನ್ನು ಜೊತೆಗಿಟ್ಟು ನೋಡುವ ಅವಕಾಶ ಸಿಕ್ಕಿದರೆ ತಪ್ಪಿಸಿಕೊಳ್ಳಬಾರದು. ಮೂಗು, ತುಟಿ, ಕೆನ್ನೆಯೆಲುಬು ಒಂದೇ ಆಗಿದ್ದರೂ ಲೇಪ ಬಳಿದ ಕೈ ಬೇರೆಯಾದಾಗ ಒಬ್ಬ ಗಂಭೀರನಾಗಿಯೂ ಇನ್ನೊಬ್ಬ ದಣಿದವನಾಗಿಯೂ ಕಾಣುತ್ತಾನೆ.

ಹೆಣ್ಣುಗೊಂಬೆಗಳೆಲ್ಲ ಮಾತೃದೇವತೆಗಳೇ?

ಹಾಗೆನ್ನುವ ಅಭ್ಯಾಸ ಹಳೆಯದು, ಆಧಾರ ತೆಳ್ಳಗಿನದು. ವಾಲ್ದಿವಿಯದ ಗೊಂಬೆಗಳು ಹೆಚ್ಚಾಗಿ ಸಿಕ್ಕಿರುವುದು ಮುರಿದ ಸ್ಥಿತಿಯಲ್ಲಿ, ಮನೆಗಳ ಸುತ್ತಲಿನ ಕಸದ ರಾಶಿಯಲ್ಲಿ. ಪೂಜೆಗೊಳ್ಳುವ ದೇವತೆಯನ್ನು ಹೀಗೆ ಎಸೆಯುತ್ತಿದ್ದರೇ ಎಂಬ ಪ್ರಶ್ನೆ ಏಳುತ್ತದೆ. ಯಾವುದೋ ಸಂಸ್ಕಾರಕ್ಕೆಂದು ಮಾಡಿ, ಕೆಲಸ ಮುಗಿದ ಮೇಲೆ ಮುರಿದು ಬಿಸಾಡಿದ್ದಿರಬಹುದು.

ಮನುಷ್ಯನಷ್ಟು ಎತ್ತರದ ಮಣ್ಣಿನ ಶಿಲ್ಪಗಳೂ ಇವೆಯೇ?

ಇವೆ. ಮೆಕ್ಸಿಕೊ ನಗರದ ನಡುವೆ ಅಜ್ಟೆಕರ ಮಹಾದೇಗುಲದ ಪಕ್ಕದಲ್ಲಿರುವ ‘ಹದ್ದುಗಳ ಮನೆ’ಯಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 1.7 ಮೀಟರ್ ಎತ್ತರದ ಎರಡು ಹದ್ದುಯೋಧರ ಶಿಲ್ಪಗಳು ಸಿಕ್ಕವು. ತಲೆ, ಮುಂಡ, ಕಾಲುಗಳನ್ನು ಬೇರೆ ಬೇರೆಯಾಗಿ ಮಾಡಿ, ಸುಟ್ಟು, ಆಮೇಲೆ ಒಂದರೊಳಗೊಂದು ಕೂಡಿಸಿದ್ದಾರೆ. ಹದ್ದಿನ ತೆರೆದ ಕೊಕ್ಕಿನೊಳಗಿನಿಂದ ಯುವಕನ ಮುಖ ಹೊರಗೆ ನೋಡುತ್ತದೆ. ಅದೇ ಕಟ್ಟಡದಲ್ಲಿ 1994ರಲ್ಲಿ ಮೃತ್ಯುದೇವತೆ ಮಿಕ್ತ್ಲಾನ್ತೆಕುಟ್ಲಿಯ ಎರಡು ಶಿಲ್ಪಗಳು ದೊರೆತವು, ಅವುಗಳ ಪಕ್ಕೆಲುಬಿನ ಕೆಳಗೆ ಯಕೃತ್ತು ಜೋತುಬಿದ್ದಿದೆ. ಇವಕ್ಕಿಂತ ಏಳೆಂಟು ಶತಮಾನ ಹಿಂದಿನ ವೆರಾಕ್ರುಜ್‌ನ ಎಲ್ ಸಪೊತಾಲ್‌ನಲ್ಲಿ ಇದೇ ದೇವತೆಯನ್ನು ಸುಡದ ಹಸಿಮಣ್ಣಿನಲ್ಲಿಯೇ ನಿರ್ಮಿಸಿದ್ದಾರೆ. ಅದನ್ನು ಇದ್ದಲ್ಲಿಂದ ಕದಲಿಸಲಾಗಿಲ್ಲ. ಅಲ್ಲಿಯೇ ಸಿಕ್ಕ, ಹೆರಿಗೆಯಲ್ಲಿ ಸತ್ತು ದೈವತ್ವಕ್ಕೇರಿದ ಹೆಂಗಸರ ಆಳೆತ್ತರದ ಶಿಲ್ಪಗಳು ಕಣ್ಣು ಮುಚ್ಚಿ ಬಾಯಿ ತೆರೆದಿವೆ. ಮಣ್ಣಿನಲ್ಲಿ ಸಾವನ್ನು ಇಷ್ಟು ಸಂಯಮದಿಂದ ಮೂಡಿಸಿದ ಕೆಲಸ ಎಲ್ಲಿಯೂ ವಿರಳವೇ.

ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಹೇಗೆ?

ಕಣ್ಣಳತೆಯಿಂದ ಗುರುತಿಸುತ್ತೇನೆನ್ನುವವರು ಬ್ರಿಹಿದೊ ಲಾರಾನ ಕಥೆಯನ್ನು ನೆನಪಿಡಬೇಕು. ವೆರಾಕ್ರುಜ್‌ನ ಈ ಕುಶಲಿಯನ್ನು 1974ರಲ್ಲಿ ಪುರಾತನ ವಸ್ತುಗಳ ಕಳ್ಳಸಾಗಣೆಯ ಆರೋಪದ ಮೇಲೆ ಬಂಧಿಸಲಾಯಿತು. ವಶಪಡಿಸಿಕೊಂಡ ವಸ್ತುಗಳು ಪ್ರಾಚೀನವಲ್ಲ, ತಾನೇ ಮಾಡಿದವೆಂದು ಆತ ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಸೆರೆಮನೆಗೆ ಜೇಡಿಮಣ್ಣು ತರಿಸಿಕೊಂಡು ಅಂಥವೇ ಶಿಲ್ಪಗಳನ್ನು ಮಾಡಿದ; ತಜ್ಞರು ಅವನ್ನೂ ಪ್ರಾಚೀನವೆಂದೇ ಹೇಳಿದರು. ಆತ ಬಿಡುಗಡೆಯಾಗಿ, ಮುಂದೆ ಶಲಾಪಾದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ. ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ಇದ್ದ ಕೆಲವು ‘ಪ್ರಾಚೀನ’ ಶಿಲ್ಪಗಳೂ ತನ್ನವೇ ಎಂದು ಆತ ಹೇಳಿಕೊಂಡದ್ದುಂಟು. ಇದರ ಪರಿಣಾಮ ಹಣದ ನಷ್ಟಕ್ಕಿಂತ ದೊಡ್ಡದು: ಒಂದು ಶೈಲಿಯ ಲಕ್ಷಣಗಳನ್ನು ವಿದ್ವಾಂಸರು ಯಾವ ಶಿಲ್ಪಗಳನ್ನು ನೋಡಿ ಪಟ್ಟಿಮಾಡಿದರೋ ಅವುಗಳಲ್ಲೇ ಲಾರಾನ ಕೈಕೆಲಸ ಬೆರೆತಿದ್ದರೆ ಆ ಪಟ್ಟಿಯನ್ನು ನಂಬುವುದು ಹೇಗೆ?

ಪ್ರಯೋಗಾಲಯದಲ್ಲಿ ಮಾಡುವ ಮುಖ್ಯ ಪರೀಕ್ಷೆ ಥರ್ಮೊಲ್ಯುಮಿನೆಸೆನ್ಸ್. ಮಣ್ಣಿನೊಳಗಿನ ಬೆಣಚಿನಂಥ ಖನಿಜಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ; ಬೆಂಕಿಯಲ್ಲಿ ಸುಟ್ಟಾಗ ಆ ಸಂಗ್ರಹ ಬರಿದಾಗಿ, ಅಲ್ಲಿಂದ ಮತ್ತೆ ತುಂಬತೊಡಗುತ್ತದೆ. ಸಣ್ಣ ಮಾದರಿಯನ್ನು ಕೊರೆದು ತೆಗೆದು ಕಾಯಿಸಿದಾಗ ಹೊರಬರುವ ಬೆಳಕನ್ನು ಅಳೆದರೆ ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜಿಸಬಹುದು. ನಿನ್ನೆ ಮೊನ್ನೆ ಮಾಡಿದ್ದೇ ಸಾವಿರ ವರ್ಷ ಹಿಂದಿನದೇ ಎಂಬುದಕ್ಕೆ ಇದು ಸಾಕು, ಶತಮಾನವನ್ನು ನಿಖರವಾಗಿ ಹೇಳಲು ಸಾಲದು. ಹಳೆಯ ಚೂರುಗಳನ್ನು ಕೂಡಿಸಿ ಹೊಸ ಶಿಲ್ಪ ಕಟ್ಟಿದ್ದರೆ, ಮಾದರಿಯನ್ನು ಹಳೆಯ ಚೂರಿನಿಂದಲೇ ತೆಗೆದಿದ್ದರೆ, ಪರೀಕ್ಷೆಯೂ ಮೋಸಹೋಗುತ್ತದೆ. ಮ್ಯಾಂಗನೀಸಿನ ಕಪ್ಪು ಚುಕ್ಕೆಗಳನ್ನು ಬಣ್ಣದಿಂದ ಬರೆಯುವವರೂ ಇದ್ದಾರೆ.

ಇಂಥ ಶಿಲ್ಪಗಳನ್ನು ಕೊಳ್ಳಬಹುದೇ?

ಕೊಳ್ಳದಿರುವುದೇ ಲೇಸು. ಮೆಕ್ಸಿಕೊದ 1972ರ ಕಾನೂನಿನಂತೆ ಪುರಾತತ್ತ್ವ ವಸ್ತುಗಳು ದೇಶದ ಸ್ವತ್ತು, ಅವನ್ನು ಹೊರಗೆ ಸಾಗಿಸುವಂತಿಲ್ಲ. ಪೆರು ಮತ್ತು ಇತರ ದೇಶಗಳಲ್ಲೂ ಕಟ್ಟುಪಾಡುಗಳಿವೆ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೊದ 1970ರ ಒಡಂಬಡಿಕೆಗೆ ಭಾರತವು 1977ರಲ್ಲಿ ಸೇರಿತು. ಮನೆಯಲ್ಲಿ ಒಂದು ಇರಲೇಬೇಕೆಂದರೆ ಮೆಕ್ಸಿಕೊದ ಇಂದಿನ ಕುಶಲಕರ್ಮಿಗಳು ತಮ್ಮದೇ ಕೆಲಸವೆಂದು ಹೇಳಿಯೇ ಮಾರುವ ಪ್ರತಿಕೃತಿಗಳನ್ನು ಕೊಳ್ಳಬಹುದು.

ಹೊಯ್ಸಳ ಶಿಲ್ಪಗಳಲ್ಲಿ ಮೆಕ್ಕೆಜೋಳ ಇದೆ, ಆದ್ದರಿಂದ ಅಮೆರಿಕದೊಂದಿಗೆ ಸಂಪರ್ಕವಿತ್ತು ಎನ್ನುತ್ತಾರಲ್ಲ?

ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯವೂ ಸೇರಿ ಹೊಯ್ಸಳ ಗುಡಿಗಳಲ್ಲಿ ಕೆಲವು ವಿಗ್ರಹಗಳ ಕೈಯಲ್ಲಿರುವ ಕಾಳುಕಾಳಾದ ವಸ್ತು ಮೆಕ್ಕೆಜೋಳದ ತೆನೆಯೆಂದು ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೋಹಾನೆಸನ್ 1989ರಲ್ಲಿ ವಾದಿಸಿದ್ದು ನಿಜ. ಭಾರತೀಯ ಸಸ್ಯವಿಜ್ಞಾನಿಗಳು ಇದನ್ನು ಅಲ್ಲಗಳೆದರು. ಅದು ಮುತ್ತುಗಳಿಂದ ಮಾಡಿದಂತೆ ಕಲ್ಪಿಸಿದ ಮುಕ್ತಾಫಲವೆಂಬುದು ಅವರ ಅಭಿಪ್ರಾಯ. ಕೊಲಂಬಸ್‌ಗಿಂತ ಮುಂಚಿನ ಮೆಕ್ಕೆಜೋಳದ ಕಾಳು ಕರ್ನಾಟಕದ ಉತ್ಖನನದಲ್ಲಿ ಸಿಕ್ಕಿ ಸಾಬೀತಾಗದ ಹೊರತು ಕಲ್ಲಿನ ಆಕಾರವೊಂದರಿಂದ ಸಾಗರ ದಾಟಿದ ಸಂಪರ್ಕವನ್ನು ಒಪ್ಪಲಾಗದು. ಮಣ್ಣಿನ ಶಿಲ್ಪಗಳ ವಿಷಯದಲ್ಲಿಯಂತೂ ಅಂಥ ಸಂಪರ್ಕಕ್ಕೆ ಯಾವ ಕುರುಹೂ ಇಲ್ಲ.

ಇವನ್ನು ಎಲ್ಲಿ ನೋಡಬಹುದು?

ಭಾರತದಲ್ಲಿ ನವದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕೊಲಂಬಸ್‌ಪೂರ್ವ ಕಲೆಯ ಸಂಗ್ರಹವಿದೆ. ಮುಂಬೈ ಮೂಲದವರಾಗಿ ನ್ಯೂಯಾರ್ಕ್‌ನಲ್ಲಿ ಕಲಾವಸ್ತುಗಳ ವ್ಯಾಪಾರಿಯಾಗಿದ್ದ ನಸ್ಲಿ ಹೀರಾಮಾನೆಕ್ ಅವರಿಂದ ಬಂದದ್ದು ಅದು. ಹೋಗುವ ಮುನ್ನ ಆ ವಿಭಾಗ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಉತ್ತಮ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅವಕಾಶ ಹೆಚ್ಚು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಈ ವಿಭಾಗ ನವೀಕರಣಗೊಂಡು 2025ರ ಮೇ ಕೊನೆಯಲ್ಲಿ ಮತ್ತೆ ತೆರೆಯಿತು. ನ್ಯೂಜೆರ್ಸಿಯವರಿಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯ ಹತ್ತಿರದಲ್ಲಿದೆ. ಪಶ್ಚಿಮ ಮೆಕ್ಸಿಕೊದ ಶಿಲ್ಪಗಳಿಗೆ ಲಾಸ್ ಏಂಜಲೀಸ್ ಕೌಂಟಿ ಕಲಾಸಂಗ್ರಹಾಲಯದ ಸಂಗ್ರಹ ಹೆಸರುವಾಸಿಯಾದದ್ದು. ಮೆಕ್ಸಿಕೊ ನಗರಕ್ಕೆ ಹೋಗುವವರು 1964ರಲ್ಲಿ ತೆರೆದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯವನ್ನು ನೋಡಿದ ಮೇಲೆ, ಅದೇ ವರ್ಷ ತೆರೆದ ಅನವಕಾಯಿ ಸಂಗ್ರಹಾಲಯಕ್ಕೂ ಒಮ್ಮೆ ಹೋಗಬೇಕು. ರಿವೇರಾ ತಮ್ಮ ಸಂಗ್ರಹಕ್ಕೆಂದೇ ಲಾವಾಶಿಲೆಯಲ್ಲಿ ಕಟ್ಟಿಸಲು ತೊಡಗಿದ ಆ ಕಟ್ಟಡದಲ್ಲಿ ಕತ್ತಲು ಹೆಚ್ಚು, ವಿವರಣೆ ಕಡಿಮೆ.

ಎಲ್ಲಿ ನೋಡಿದರೂ ಹೆಸರುಫಲಕವನ್ನು ಕೊನೆಯಲ್ಲಿ, ಆದರೆ ತಪ್ಪದೆ, ಓದಬೇಕು. ‘ಇಂಥ ಊರಿನ ಉತ್ಖನನದಲ್ಲಿ ದೊರೆತದ್ದು’ ಎಂಬುದಕ್ಕೂ ‘ಇಂಥ ಊರಿನದೆಂದು ಹೇಳಲಾಗಿದೆ’ ಎಂಬುದಕ್ಕೂ ಬಹಳ ಅಂತರವಿದೆ. ಪ್ರಯಾಣ ಸಾಧ್ಯವಿಲ್ಲದವರು ಲಿಮಾದ ಲಾರ್ಕೊ ಸಂಗ್ರಹಾಲಯದ ಅಂತರ್ಜಾಲ ಪಟ್ಟಿಯಿಂದ ಆರಂಭಿಸಬಹುದು. 1926ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ತನ್ನ ಉಗ್ರಾಣವನ್ನೂ ಪ್ರೇಕ್ಷಕರಿಗೆ ತೆರೆದಿಟ್ಟಿದೆ. ಕಪಾಟುಗಳಲ್ಲಿ ಮೋಚೆ ಪಾತ್ರೆಗಳನ್ನು ಮಾಳಿಗೆಯ ಎತ್ತರಕ್ಕೆ ಒತ್ತೊತ್ತಾಗಿ ಜೋಡಿಸಿರುವುದರಿಂದ, ಒಂದೇ ಅಚ್ಚಿನ ಮುಖಗಳನ್ನು ಹುಡುಕಿ ಹೋಲಿಸುವುದಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಸಿಗುವುದು ಕಷ್ಟ.